ಕುಪ್ಪಿಯ ಹೊರಮೈ

ಸೊಂಟದಿಂದ ಕೆಳಗಷ್ಟೇ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡುವ ಕ್ರಮ ನಿಮಗೆ ಹೊಸದಲ್ಲ. ನಿಮ್ಮ ಮನೆಯಲ್ಲೇ ಯಾರಿಗಾದರೂ ಹೆರಿಗೆಯ ಸಮಯದಲ್ಲಿ ಬೆನ್ನಿಗೆ ಸೂಜಿಮದ್ದು ಕೊಟ್ಟಿರಬಹುದು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯರು ಕೊಕೇನಿನಿಂದ ಇದನ್ನು ಮಾಡಿ ತೋರಿಸಿದರು. ಮದ್ದು ಸೇರುವುದು ಬೆನ್ನುಹುರಿಯನ್ನು ಸುತ್ತಿರುವ ನೀರಿಗೆ. ಮಿದುಳನ್ನು ಸುತ್ತಿರುವುದೂ ಅದೇ ನೀರು. ಸೂಜಿಯೊಡನೆ ರೋಗಾಣು ಒಳಹೊಕ್ಕರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಸೂಜಿ, ಕೈ, ಚರ್ಮ ಎಲ್ಲವೂ ಶುದ್ಧವಿರಬೇಕು. ವೈದ್ಯರು ಕೈಯಲ್ಲಿ ಹಿಡಿಯುವ ಮದ್ದಿನ ಗಾಜಿನ ಕುಪ್ಪಿಯ ಹೊರಮೈ ಕೂಡ.

ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಕುಪ್ಪಿಗಳನ್ನು ಫೀನಾಲ್ ದ್ರಾವಣದಲ್ಲಿ ಮುಳುಗಿಸಿಡುತ್ತಿದ್ದರು. 1947ರ ಅಕ್ಟೋಬರ್ 13ರಂದು ಅಲ್ಲಿ ಇಬ್ಬರು ಗಂಡಸರಿಗೆ ಬೆನ್ನಿಗೆ ಮದ್ದು ಕೊಟ್ಟರು. ಎರಡೂ ಸಣ್ಣ ಶಸ್ತ್ರಚಿಕಿತ್ಸೆಗಳೇ. ಆದರೆ ಇಬ್ಬರ ಕಾಲುಗಳೂ ಶಾಶ್ವತವಾಗಿ ಸ್ವಾಧೀನ ತಪ್ಪಿದವು.

ಕಣ್ಣಿಗೆ ಕಾಣದ ಬಿರುಕುಗಳ ಮೂಲಕ ಫೀನಾಲ್ ಕುಪ್ಪಿಯೊಳಕ್ಕೆ ಇಳಿದಿತ್ತೆಂದು ನ್ಯಾಯಾಲಯ ನಂಬಿತು. ಆದರೆ ಇಂಥ ಬಿರುಕಿನ ಅಪಾಯವನ್ನು 1947ರಲ್ಲಿ ವೈದ್ಯರು ತಿಳಿದಿರಲಿಲ್ಲ. ಎಚ್ಚರಿಕೆ ಪುಸ್ತಕದಲ್ಲಿ ಬಂದದ್ದು 1951ರಲ್ಲಿ. ಅಂದಿನ ತಿಳಿವಿನಿಂದಲೇ ಅಂದಿನ ಕೆಲಸವನ್ನು ಅಳೆಯಬೇಕೆಂದು 1954ರಲ್ಲಿ ಡೆನ್ನಿಂಗ್ ಮೊದಲಾದ ನ್ಯಾಯಮೂರ್ತಿಗಳು ಮೇಲ್ಮನವಿಯನ್ನು ವಜಾ ಮಾಡಿದರು. ತರ್ಕ ಸರಿಯಾದದ್ದೇ. ಆದರೂ ಆ ಇಬ್ಬರನ್ನು ನೆನೆದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ, ಅಲ್ಲವೇ?

ಕಥೆ ಅಲ್ಲಿಗೂ ಮುಗಿಯಲಿಲ್ಲ. ತಪ್ಪು ಫೀನಾಲಿನದಲ್ಲ, ಸೂಜಿ ಕುದಿಸುವ ಪಾತ್ರೆಯ ಕಿಟ್ಟ ತೆಗೆಯಲು ಹಾಕಿದ ಆಮ್ಲ ಅದರಲ್ಲೇ ಉಳಿದಿತ್ತು ಎಂಬ ವಾದವನ್ನು 1990ರಲ್ಲಿ ಒಬ್ಬ ವೈದ್ಯರು ಮುಂದಿಟ್ಟರು. ನನಗೆ ಇದೇ ಹೆಚ್ಚು ಒಪ್ಪುವಂತೆ ಕಾಣುತ್ತದೆ. ಯಾವುದೇ ಇರಲಿ, ಕೆಡುಕು ಬಂದದ್ದು ಕೊಳೆಯಿಂದಲ್ಲ, ಕೊಳೆ ತೊಳೆಯಲು ತಂದ ವಸ್ತುವಿನಿಂದ. ಬ್ರಿಟನ್ನಿನ ಅನೇಕ ವೈದ್ಯರು ಬಹುಕಾಲ ಈ ಕ್ರಮದ ಹತ್ತಿರವೇ ಸುಳಿಯಲಿಲ್ಲ.

ಈಗ ಸೂಜಿ ಒಮ್ಮೆ ಬಳಸಿ ಎಸೆಯುವಂಥದು. ಬಾಯಿಯ ರೋಗಾಣು ಹಾರದಂತೆ ವೈದ್ಯರು ಮುಖಕ್ಕೆ ಮುಸುಕು ಕಟ್ಟುತ್ತಾರೆ. ಚರ್ಮಕ್ಕೆ ಮದ್ಯಸಾರ ಬೆರೆತ ಕ್ಲೋರ್‌ಹೆಕ್ಸಿಡಿನ್ ಬಳಿಯುತ್ತಾರೆ. ಇದೂ ನರಕ್ಕೆ ವಿಷವೇ. ಅದಕ್ಕೆಂದೇ ಅದರ ಬಟ್ಟಲನ್ನು ಮದ್ದಿನ ತಟ್ಟೆಯಿಂದ ದೂರ ಇಡುವುದು. ಎಂದಾದರೂ ನಿಮ್ಮ ಬೆನ್ನಿಗೆ ಅದನ್ನು ಬಳಿದು ವೈದ್ಯರು ಸುಮ್ಮನೆ ನಿಂತರೆ ಬೇಸರಪಡಬೇಡಿ. ಅದು ಒಣಗಲೆಂದು ಕಾಯುತ್ತಿರುತ್ತಾರೆ.