ಪರವೂರವರು ಕನ್ನಡ ಕಲಿತ ದಾರಿ

ಸ್ಪ್ಯಾನಿಷ್ ಕಲಿಯಬೇಕೆಂದು ಹೊರಟವರಿಗೆ ಇವತ್ತು ದಾರಿ ಹುಡುಕುವ ಕಷ್ಟವಿಲ್ಲ. ಸ್ಪೇನಿನ ಸಾಲಮಾಂಕಾಕ್ಕೋ ಗ್ವಾಟೆಮಾಲಾದ ಆಂಟಿಗುವಾಕ್ಕೋ ಹೋದರೆ ಬೆಳಗ್ಗೆ ತರಗತಿ, ಮಧ್ಯಾಹ್ನ ಒಂದು ಮನೆಯಲ್ಲಿ ಊಟ, ರಾತ್ರಿ ಅದೇ ಮನೆಯಲ್ಲಿ ವಾಸ, ವಾರದ ಕೊನೆಗೆ ಸಂತೆ, ಹಳೆಯ ಕಟ್ಟಡ, ಹಬ್ಬಗಳ ಸುತ್ತಾಟ. ಆಂಟಿಗುವಾದ ಫ್ರಾನ್ಸಿಸ್ಕೊ ಮರೋಕಿನ್ ಭಾಷಾ ಯೋಜನೆ 1969ರಲ್ಲಿ ಶುರುವಾಯಿತು. ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕ, ಉಳಿದ ಹೊತ್ತಿಗೆ ಒಂದು ಕುಟುಂಬ ಎಂಬ ಪದ್ಧತಿ ಅಲ್ಲಿ ಬೇರು ಬಿಟ್ಟಿತು. ಇಂದು ಆ ಸಣ್ಣ ಪಟ್ಟಣದ ಎಷ್ಟೋ ಮನೆಗಳಿಗೆ ಮಾತು ಕಲಿಸುವುದೇ ಒಂದು ಆದಾಯ. ಸ್ಪೇನ್ ಸರ್ಕಾರ 1991ರಲ್ಲಿ ಸೆರ್ವಾಂಟೆಸ್ ಸಂಸ್ಥೆಯನ್ನು ಕಟ್ಟಿ ತನ್ನ ಭಾಷೆಯ ಕಲಿಕೆಯನ್ನು ದೇಶದೇಶಗಳಿಗೆ ಒಯ್ದಿತು.

ಅದೇ 1969ರಲ್ಲಿ ನಮ್ಮ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಹುಟ್ಟಿತು. ಹಾಗೆ ನೋಡಿದರೆ ಹೊರಗಿನವರಿಗೆ ಕನ್ನಡ ಕಲಿಸುವ ಕೆಲಸಕ್ಕೆ ಅದಕ್ಕೂ ಬಹಳ ಹಿಂದಿನ ಇತಿಹಾಸವಿದೆ. ನಿಘಂಟು, ವ್ಯಾಕರಣ, ತರಗತಿ, ಪಠ್ಯ ಎಲ್ಲವೂ ಬೆಳೆದಿವೆ. ಆದರೆ ಯಾರಾದರೂ ವಿಜಯಪುರಕ್ಕೆ ಬಂದು, ತಿಕೋಟಾ-ಬಬಲೇಶ್ವರದ ಸೀಮೆಯ ಇಟ್ಟಂಗಿಹಾಳದಂಥ ಊರಿನಲ್ಲಿ ಉಳಿದು ಕನ್ನಡ ಕಲಿಯುತ್ತೇನೆ ಎಂದರೆ ಅವರ ಕೈಗೆ ಕೊಡಲು ಈ ಸೀಮೆಯ ಮಾತಿನ ಪಠ್ಯವಿಲ್ಲ, ಅವರನ್ನು ಮನೆಗೆ ಸೇರಿಸುವ ಏರ್ಪಾಡೂ ಇಲ್ಲ. ಎರಡು ಶತಮಾನದ ಕೆಲಸ ಇಲ್ಲಿಗೆ ಯಾಕೆ ಬಂದು ಮುಟ್ಟಲಿಲ್ಲ ಎಂಬುದನ್ನು ತಿಳಿಯಲು ಹಿಂದಕ್ಕೆ ಹೋಗಬೇಕು.

ವಿಜಯಪುರಕ್ಕೆ ಪರದೇಶದವರು ಹೊಸಬರಲ್ಲ. ಆದಿಲ್‌ಶಾಹಿ ಕಾಲದಲ್ಲಿ ಇರಾನಿನವರು, ಅರಬರು, ಹಬಶಿಗಳು ಇಲ್ಲಿ ನೆಲೆಸಿದ್ದರು. ಇತಿಹಾಸಕಾರ ಫಿರಿಶ್ತಾ 1589ರಲ್ಲಿ ಇಲ್ಲಿಗೆ ಬಂದು ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ತನ್ನ ಗ್ರಂಥ ಬರೆದ. ಡಚ್ ಚಿತ್ರಕಾರ ಕಾರ್ನೆಲಿಸ್ ಹೇಡಾ ಇದೇ ಅರಸನ ಆಸ್ಥಾನದಲ್ಲಿದ್ದ. ಬರವಣಿಗೆಗೆ ಫಾರ್ಸಿ, ಪೇಟೆಯ ವ್ಯವಹಾರಕ್ಕೆ ದಖನಿ. ಬಂದವರಿಗೆ ಅಷ್ಟು ಸಾಕಿತ್ತು. ಕನ್ನಡ ಹೊಲದಲ್ಲಿ, ಮನೆಯಲ್ಲಿ, ಗುಡಿಯಲ್ಲಿ ಉಳಿಯಿತು. ಅರಮನೆಗೆ ಬಂದ ಪರದೇಶಿಗೆ ಹಳ್ಳಿಯ ಮಾತು ಕಲಿಯುವ ಅಗತ್ಯ ಬೀಳಲಿಲ್ಲ.

ಆ ಅಗತ್ಯ ಮೊದಲು ಬಿದ್ದದ್ದು ಧರ್ಮ ಹೇಳಲು ಬಂದವರಿಗೆ, ಆಮೇಲೆ ಕಂದಾಯ ಎತ್ತಲು ಬಂದವರಿಗೆ. 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ಬರೆದ ಮೊದಲಿಗರಲ್ಲಿ ಒಬ್ಬ. 1812ರಲ್ಲಿ ಮದರಾಸಿನ ಫೋರ್ಟ್ ಸೇಂಟ್ ಜಾರ್ಜ್ ಕಾಲೇಜು ಶುರುವಾದಾಗ ಈಸ್ಟ್ ಇಂಡಿಯಾ ಕಂಪನಿಯ ಎಳೆಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸುವುದೇ ಅದರ ಕೆಲಸವಾಗಿತ್ತು. ಮುನ್ಷಿಯ, ಅಂದರೆ ಭಾಷೆ ಕಲಿಸುವ ದೇಶೀ ಪಂಡಿತನ, ಎದುರು ಕೂತು ಓದು, ಬರೆ, ಪರೀಕ್ಷೆ ಕೊಡು ಎಂಬ ಕ್ರಮ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು, ಜಾನ್ ಮೆಕೆರೆಲ್ಲನದು 1820ರಲ್ಲಿ ಮದರಾಸಿನಲ್ಲಿ. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಇವೆಲ್ಲ ಕಲಿಯುವವರಿಗೆಂದೇ ಹುಟ್ಟಿದ ಪುಸ್ತಕಗಳು ಎಂಬುದನ್ನು ನಾವು ಮರೆಯುತ್ತೇವೆ. ಹೊಸಗನ್ನಡದ ಮೊದಲ ವ್ಯಾಕರಣ, ನಿಘಂಟುಗಳ ದೊಡ್ಡ ಪಾಲು ಪರವೂರ ವಿದ್ಯಾರ್ಥಿಗಾಗಿ ಸಿದ್ಧವಾದದ್ದು.

ಮುನ್ಷಿಯ ಪಾಠಕ್ಕೆ ಒಂದು ಮಿತಿಯಿತ್ತು. ಮುನ್ಷಿ ಕಲಿಸುತ್ತಿದ್ದದ್ದು ಗ್ರಂಥದ ಕನ್ನಡ ಮತ್ತು ಕಚೇರಿಯ ಕನ್ನಡ. ಅಡುಗೆಮನೆಯ ಮಾತು, ಕಣದ ಮಾತು, ಸಿಟ್ಟಿನಲ್ಲಿ ಬರುವ ಮಾತು ಆ ಪಾಠದಲ್ಲಿ ಇರಲಿಲ್ಲ. ಈ ಮಿತಿಯನ್ನು ದಾಟಿದವರು ಕೆಲವರೇ. ಅವರಲ್ಲಿ ಇಬ್ಬರ ಕೆಲಸ ನಮ್ಮ ಸೀಮೆಗೆ ನೇರ ಸಂಬಂಧಪಟ್ಟದ್ದು.

ಮೊದಲನೆಯವರು ಫರ್ಡಿನಾಂಡ್ ಕಿಟೆಲ್. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆ ಹಾಕಿತ್ತು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಶುರುಮಾಡಿದ್ದರು. ಅದಾಗಿ ಹತ್ತು ವರ್ಷಕ್ಕೆ, 1853ರಲ್ಲಿ, ಇಪ್ಪತ್ತೊಂದು ವರ್ಷದ ಕಿಟೆಲ್ ಈ ಮಿಷನ್ನಿನ ಪಾದ್ರಿಯಾಗಿ ಬಂದರು. ಕುದುರೆ ಬಿಟ್ಟು ನಡೆದು ತಿರುಗುವುದು, ಜನರ ನಡುವೆ ಕೂರುವುದು ಅವರ ಪದ್ಧತಿಯಾಗಿತ್ತು. ಕನ್ನಡಿಗರಿಗೆ ಕನ್ನಡಿಗನೇ ಆಗಬೇಕೆಂಬ ಅವರ ಹಟ ಸ್ವಂತ ಮಿಷನ್ನಿನ ಹಿರಿಯರಿಗೇ ಹಿಡಿಸಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಹಳಗನ್ನಡದ ಕಾವ್ಯದ ಪದದ ಪಕ್ಕದಲ್ಲೇ ಆಡುಮಾತಿನ ಪದ, ಗಾದೆ ಬರುತ್ತವೆ. ಇದು ಮೈಸೂರಿನದು, ಇದು ದಕ್ಷಿಣ ಮರಾಠಾ ಸೀಮೆಯದು ಎಂದು ಪದದ ಊರನ್ನೂ ಅವರು ಗುರುತಿಸುತ್ತಾರೆ. ಆ ದಕ್ಷಿಣ ಮರಾಠಾ ಸೀಮೆ ಎಂದರೆ ನಾವೇ, ಧಾರವಾಡ-ಬೆಳಗಾವಿ-ವಿಜಯಪುರದವರು. ಕನ್ನಡ ಕಲಿಕೆಯ ಇತಿಹಾಸದಲ್ಲಿ ಬಡಗಣ ಕನ್ನಡಕ್ಕೆ ಇಷ್ಟು ಮರ್ಯಾದೆ ಸಿಕ್ಕ ಕ್ಷಣ ಆಮೇಲೆ ಕಡಿಮೆ.

ಎರಡನೆಯವರು ಜೆ. ಎಫ್. ಫ್ಲೀಟ್. 1867ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದ ಇವರನ್ನು ಶಾಸನತಜ್ಞರೆಂದು ಎಲ್ಲರೂ ಬಲ್ಲರು. ಅವರ ಕನ್ನಡ ಎಷ್ಟು ಆಳದ್ದೆಂಬುದಕ್ಕೆ ಶಾಸನಗಳಿಗಿಂತ ಲಾವಣಿಗಳು ದೊಡ್ಡ ಸಾಕ್ಷಿ. 1885ರಿಂದ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅವರು ಕನ್ನಡ ಲಾವಣಿಗಳ ಸರಣಿಯನ್ನೇ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ ಅದರಲ್ಲಿದೆ, ಹಲಗಲಿಯ ಬೇಡರ ಲಾವಣಿಯೂ ಇದೆ. ಹಲಗಲಿ ಮುಧೋಳ ತಾಲೂಕಿನ ಊರು, 1997ರವರೆಗೂ ವಿಜಯಪುರ ಜಿಲ್ಲೆಯೊಳಗೇ ಇತ್ತು. ಆಯುಧ ಒಪ್ಪಿಸಬೇಕೆಂಬ ಇಂಗ್ಲಿಷರ ಕಾನೂನಿಗೆ ತಿರುಗಿಬಿದ್ದು 1857ರಲ್ಲಿ ಸತ್ತವರ ಹಾಡನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಅಕ್ಷರಕ್ಕಿಳಿಸಿ ಅನುವಾದಿಸಿದರು. ಈ ಹಾಡಿನ ಭಾಷೆ ಯಾವ ಮುನ್ಷಿಯ ಪಠ್ಯದಲ್ಲೂ ಇಲ್ಲ. ಹಾಡುವವರ ಬಾಯಿಂದ ಕೇಳದೆ ಅದು ದಕ್ಕುವುದೂ ಇಲ್ಲ. ಕಲಿತ ಭಾಷೆ ಕಲಿತವನನ್ನು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಸ್ವಾತಂತ್ರ್ಯದ ಬಳಿಕ ಕಲಿಯಲು ಬಂದವರೇ ಬೇರೆ, ಕಲಿಸುವ ಶಾಸ್ತ್ರವೂ ಬೇರೆ. 1950ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಭಾಷಾಶಾಸ್ತ್ರದ ದೊಡ್ಡ ಕೇಂದ್ರವಾಯಿತು. ಆಡುವ ಕನ್ನಡವನ್ನು ಇದ್ದದ್ದು ಇದ್ದಹಾಗೆ ವಿವರಿಸಬೇಕೆಂದು ಹೊರಟ ಅಮೆರಿಕದ ವಿಲಿಯಂ ಬ್ರೈಟ್ ಅವರ ಪುಸ್ತಕ 1958ರಲ್ಲಿ ಅಲ್ಲಿಂದಲೇ ಬಂತು. ವಿಲಿಯಂ ಮೆಕಾರ್ಮ್ಯಾಕ್ ಧಾರವಾಡದ ಕನ್ನಡದೊಳಗಿನ ಸಾಮಾಜಿಕ ಭೇದಗಳ ಬಗ್ಗೆ 1960ರಲ್ಲಿ ಬರೆದರು. ಕನ್ನಡದ ವಿಮರ್ಶಕ ಎಂ. ಜಿ. ಕೃಷ್ಣಮೂರ್ತಿಯವರ ಜತೆ ಸೇರಿ 1966ರಲ್ಲಿ ಅವರು ತಂದ ಕಲಿಕೆಯ ಪುಸ್ತಕ ಮಾತಿನ ಬಗೆಗಳನ್ನು ಸಂಸ್ಕೃತಿಯೊಂದಿಗೆ ಹೆಣೆಯಿತು. ಬರೆಯುವ ಕನ್ನಡವೇ ಬೇರೆ, ಆಡುವ ಕನ್ನಡವೇ ಬೇರೆ ಎಂಬ ತೊಡಕನ್ನು ವಿದ್ಯಾರ್ಥಿಯ ಎದುರು ಮುಚ್ಚಿಡದೆ ಇಟ್ಟವರು ಇವರು. ಯು. ಪಿ. ಉಪಾಧ್ಯಾಯ ಮತ್ತು ಎನ್. ಡಿ. ಕೃಷ್ಣಮೂರ್ತಿಯವರ ಸಂಭಾಷಣಾ ಕನ್ನಡದ ಪುಸ್ತಕ 1972ರಲ್ಲಿ ಬಂತು.

ಮನೆವಾಸದ ವಿಚಾರ ಇದೇ ಕಾಲದಲ್ಲಿ ಇನ್ನೊಂದು ಬಾಗಿಲಿನಿಂದ ಒಳಬಂತು. ಅಮೆರಿಕದ ಡೊನಾಲ್ಡ್ ವಾಟ್ 1932ರಲ್ಲಿ ಯುವಕರನ್ನು ಯುರೋಪಿಗೆ ಕರೆದೊಯ್ದು, ಮುಂದೆ ಅಲ್ಲಿನ ಕುಟುಂಬಗಳಲ್ಲಿ ಇರಿಸುವ ಪ್ರಯೋಗವನ್ನು ನೆಲೆಗೊಳಿಸಿದ್ದರು. ಇವತ್ತಿನ ಸ್ಪ್ಯಾನಿಷ್ ಮನೆವಾಸಗಳ ಒಂದು ಬೇರು ಅಲ್ಲಿದೆ. 1961ರಲ್ಲಿ ಹುಟ್ಟಿದ, ಅಮೆರಿಕ ಸರ್ಕಾರದ ಸ್ವಯಂಸೇವಕರ ಸಂಸ್ಥೆ ಪೀಸ್ ಕೋರ್ ಆ ಅನುಭವದಿಂದ ಕಲಿಯಿತು. ಅದರ ಸ್ವಯಂಸೇವಕರು 1976ರವರೆಗೆ ಭಾರತದಲ್ಲಿದ್ದರು, ಅಂದಿನ ಮೈಸೂರು ರಾಜ್ಯದ ಹಳ್ಳಿಗಳಲ್ಲೂ ಕೆಲಸ ಮಾಡಿದರು. ಮಾನವಶಾಸ್ತ್ರಜ್ಞರೂ ಬಂದರು. ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯದ ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಅಲನ್ ಬೀಲ್ಸ್ ರಾಜ್ಯದ ಈಶಾನ್ಯದ ಗೋಪಾಲಪುರದಲ್ಲಿ ಇದ್ದು 1962ರಲ್ಲಿ ಆ ಊರಿನ ಹೆಸರಿನದೇ ಪುಸ್ತಕ ಬರೆದರು. ಇವರಿಗೆ ಹಳ್ಳಿಯ ಜಗಲಿಯೇ ತರಗತಿ. ದುಃಖದ ಸಂಗತಿಯೆಂದರೆ ಹೀಗೆ ಕಲಿಸಿದ ಮನೆಯವರ ಅನುಭವ ಎಲ್ಲಿಯೂ ಒಂದು ಪದ್ಧತಿಯಾಗಿ ಉಳಿಯಲಿಲ್ಲ. ಬಂದವರು ಕಲಿತು ಹೋದರು, ಕಲಿಸಿದವರು ತಾವು ಕಲಿಸಿದೆವೆಂದು ಯಾರಿಗೂ ಹೇಳಿಕೊಳ್ಳಲಿಲ್ಲ.

ಮೈಸೂರು ಈ ಕ್ಷೇತ್ರದ ರಾಜಧಾನಿಯಾದದ್ದು ಇಲ್ಲಿಂದ ಮುಂದೆ. ಡಿ. ಪಿ. ಪಟ್ಟನಾಯಕರ ನೇತೃತ್ವದಲ್ಲಿ ಭಾಷಾ ಸಂಸ್ಥಾನ ಬೆಳೆಯಿತು. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಾಲಾ ಶಿಕ್ಷಕರು ಬಂದು ಹತ್ತು ತಿಂಗಳಲ್ಲಿ ಕನ್ನಡ ಕಲಿತು, ತಮ್ಮ ಊರಿಗೆ ಮರಳಿ ಅದನ್ನು ಕಲಿಸುವ ಏರ್ಪಾಡು ನಡೆಯಿತು. ಒಡಿಶಾದ, ಅಸ್ಸಾಮಿನ, ಉತ್ತರಪ್ರದೇಶದ ಮೇಷ್ಟರುಗಳು ಕನ್ನಡ ಓದುವುದು ದೇಶದ ಬಗ್ಗೆ ಭರವಸೆ ಹುಟ್ಟಿಸುವ ಕೆಲಸ, ಅದಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳು ಸೇರಿ 1961ರಲ್ಲಿ ಕಟ್ಟಿದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಕೂಡ ತನ್ನ ಕನ್ನಡ ತರಗತಿಗಳನ್ನು ಮೈಸೂರಿನಲ್ಲೇ ನಡೆಸಿದೆ. ಸ್ಪ್ಯಾನಿಷ್ ಮಾದರಿಗೆ ಕನ್ನಡದಲ್ಲಿ ಅತ್ಯಂತ ಹತ್ತಿರದ್ದು ಇದೇ. ಜರ್ಮನಿಯಲ್ಲಿ ಬಿ. ಎ. ವಿವೇಕ ರೈ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸಿದರು. ಮೈಸೂರಿನಲ್ಲಿ ವರ್ಷಗಟ್ಟಲೆ ಬದುಕಿ ಕನ್ನಡವನ್ನು ತನ್ನದಾಗಿಸಿಕೊಂಡ ರಾಬರ್ಟ್ ಝೈಡೆನ್‌ಬಾಸ್ ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕರಾಗಿ, 2020ರಲ್ಲಿ ಆಧುನಿಕ ಕನ್ನಡದ ಕೈಪಿಡಿ ಹೊರತಂದರು. ಬೆಂಗಳೂರಿನಲ್ಲಿ ಕೆಲಸಕ್ಕೆ ಬಂದವರಿಗಾಗಿ ಈಚಿನ ವರ್ಷಗಳಲ್ಲಿ ಸಂಜೆ ತರಗತಿ, ಮೊಬೈಲ್ ಪಾಠಗಳು ಹೆಚ್ಚಿವೆ. ಆಟೋ, ತರಕಾರಿ, ಬಾಡಿಗೆ ಮನೆಯ ಮಾತಿಗೆ ಅವು ಸಾಕು.

ಇಷ್ಟೆಲ್ಲದರ ಪರಿಣಾಮವಾಗಿ ಕಲಿಯುವವರಿಗೆ ಸಿಗುವ ಆಡುಗನ್ನಡ ಬಹುಪಾಲು ಮೈಸೂರು-ಬೆಂಗಳೂರಿನದು. ಅಲ್ಲಿ ವರ್ಷ ಕಲಿತವರು ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಮೊದಲ ಎರಡು ದಿನ ಕಿವಿ ಹಿಡಿಯುವುದಿಲ್ಲ. ಬಂದಿದ್ದಾನೆ ಇಲ್ಲಿ ಬಂದಾನ ಆಗುತ್ತದೆ, ಮನೆಗೆ ಮನಿಗಿ ಆಗುತ್ತದೆ, ಹೇಗಿದ್ದೀರಿ ಹೆಂಗದೀರಿ ಆಗುತ್ತದೆ. ಮಾತಿನ ಕೊನೆಗೊಂದು 'ರೀ' ಸೇರಿ ಗೌರವವೂ ಸಲಿಗೆಯೂ ಒಟ್ಟಿಗೇ ಬರುತ್ತವೆ. ಒಂದೇ ಓಣಿಯಲ್ಲಿ ದಖನಿ, ಮರಾಠಿ, ತಾಂಡಾದಿಂದ ಬಂದವರ ಲಂಬಾಣಿ ಕೇಳಿಸುತ್ತವೆ. ತಿಕೋಟಾ ದಾಟಿ ಜತ್ತದ ಕಡೆ ಹೋದರೆ ಮಹಾರಾಷ್ಟ್ರದೊಳಗೂ ಕನ್ನಡವೇ. ಸ್ಪ್ಯಾನಿಷ್ ಕಲಿಸುವವರು ಈ ವಿಷಯದಲ್ಲಿ ನಮಗಿಂತ ಧೈರ್ಯಸ್ಥರು. ಬ್ಯೂನಸ್ ಐರಿಸ್‌ನ ಭಾಷಾ ಶಾಲೆ ತನ್ನ ಊರಿನ ಕ್ರಿಯಾರೂಪಗಳನ್ನೇ ಕಲಿಸುತ್ತದೆ, ಅವು ಮ್ಯಾಡ್ರಿಡ್‌ನಲ್ಲಿ ಇಲ್ಲ ಎಂಬ ಸಂಕೋಚವಿಲ್ಲದೆ. ಅರ್ಜೆಂಟೀನಾದ ಮಾತಿಗೆ ಅರ್ಜೆಂಟೀನಾಕ್ಕೇ ಹೋಗಬೇಕು ಎಂಬುದನ್ನು ಅವರು ಆಕರ್ಷಣೆಯಾಗಿ ಮಾಡಿಕೊಂಡರು. ನಾವು ನಮ್ಮ ಮಾತನ್ನು ಶಾಲೆಯಲ್ಲಿ ತಿದ್ದಿಸಿಕೊಂಡು ಬೆಳೆದವರು, ಪರರಿಗೆ ಕಲಿಸಬಹುದಾದ ಸಂಪತ್ತು ಅದು ಎಂದು ಯೋಚಿಸಿದ್ದೇ ಇಲ್ಲ.

ಬೆರೆತು ಕಲಿಯುವುದು ಈ ಸೀಮೆಯವರಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಪುಣೆಗೆ, ಮುಂಬಯಿಗೆ ದುಡಿಯಲು ಹೋಗುವ ಕುಟುಂಬಗಳು ಕೊಂಕಣಿ, ಮರಾಠಿ, ಹಿಂದಿಗಳನ್ನು ಯಾವ ತರಗತಿಯೂ ಇಲ್ಲದೆ ಕಲಿತುಕೊಂಡು ಬರುತ್ತವೆ. ಹಾಗೆ ಕಲಿತವರೇ ಬೇರೆಯವರಿಗೆ ಕಲಿಸಲು ತಕ್ಕವರೂ ಹೌದು. ಎಲ್ಲಿ ನಾಲಿಗೆ ತಡವರಿಸುತ್ತದೆ, ಯಾವಾಗ ತಿದ್ದಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಅವರಿಗೆ ಅನುಭವದಿಂದ ಗೊತ್ತು. ಆದರೆ ಕರ್ನಾಟಕದಲ್ಲಿ ಹೋಮ್‌ಸ್ಟೇ ಎಂದರೆ ಕೊಡಗು, ಚಿಕ್ಕಮಗಳೂರು, ಕಾಫಿತೋಟ, ಮಳೆ. ಅಲ್ಲಿ ಅತಿಥಿ ಬರುವುದು ನೋಟಕ್ಕೆ, ಮಾತಿಗಲ್ಲ. ಇಟ್ಟಂಗಿಹಾಳದಂಥ ಊರಿನ ಮನೆಗೆ ಬರುವವರು ರೊಟ್ಟಿ ಬಡಿಯುವ ಸದ್ದಿನ ಜತೆ ಮಾತು ಕಲಿಯಬಹುದು.

ಇದಕ್ಕೆ ಕಾಲವೂ ಹೊಂದಿಕೊಂಡೇ ಇದೆ. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ಚರಗದ ಎಡೆ ಚೆಲ್ಲಿ ಉಣ್ಣುತ್ತಾರೆ. ಹೆಚ್ಚಿನ ವರ್ಷ ಅದರ ಹಿಂದೆಯೇ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ. ಈ ಎರಡನ್ನು ಒಳಗೊಂಡು ಚಳಿಗಾಲದ ಒಂದು ಕಲಿಕೆಯನ್ನು ಕಟ್ಟಬಹುದು. ಫ. ಗು. ಹಳಕಟ್ಟಿಯವರು ವಚನಗಳಿಗಾಗಿ ಬಾಳು ಸವೆಸಿದ ಊರಿದು, ಓದಿಗೆ ವಚನಕ್ಕಿಂತ ಬೇರೆ ಪಠ್ಯ ಹುಡುಕಬೇಕಿಲ್ಲ. ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಬೆಳಗಿನ ತರಗತಿ ವಹಿಸಿಕೊಂಡರೆ, ಸುತ್ತಲಿನ ಹಳ್ಳಿಯ ಮನೆಗಳು ಉಳಿದದ್ದನ್ನು ವಹಿಸಿಕೊಳ್ಳಬಲ್ಲವು. ಹೀಗೆ ಕಲಿಸುವ ಹೆಣ್ಣುಮಕ್ಕಳಿಗೆ ಶಿಕ್ಷಕಿಗೆ ಸಲ್ಲುವ ಸಂಬಳವೇ ಸಲ್ಲಬೇಕು. ಆಂಟಿಗುವಾದಲ್ಲಿ ಮನೆಗಳಿಗೆ ಹಣ ಬಂದದ್ದರಿಂದಲೇ ಆ ವ್ಯವಸ್ಥೆ ಅರ್ಧಶತಮಾನ ನಿಂತಿತು. ಎಲ್ಲಕ್ಕೂ ಮೊದಲು ಬೇಕಾದದ್ದು ಈ ಸೀಮೆಯ ಮಾತಿನ ಧ್ವನಿಮುದ್ರಣ: ಸಂತೆಯಲ್ಲಿ, ದ್ರಾಕ್ಷಿ ತೋಟದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಒಲೆಯ ಮುಂದೆ ಜನ ಹೇಗೆ ಮಾತಾಡುತ್ತಾರೋ ಹಾಗೆ. ಅದರಿಂದ ಆಯ್ದು ಕಟ್ಟಿದ ಮೂವತ್ತು-ನಲವತ್ತು ಪಾಠಗಳಿದ್ದರೆ ಮೊದಲ ತಂಡವನ್ನು ಕರೆಯಬಹುದು. ಆ ತಂಡ ಅಮೆರಿಕದಿಂದಲೇ ಬರಬೇಕೆಂದಿಲ್ಲ. ವಿಜಯಪುರದ ಸೈನಿಕ ಶಾಲೆಗೆ, ಬ್ಯಾಂಕುಗಳಿಗೆ, ಆಸ್ಪತ್ರೆಗಳಿಗೆ ಬೇರೆ ರಾಜ್ಯಗಳಿಂದ ಬಂದು ಇಲ್ಲೇ ವರ್ಷಗಳನ್ನು ಕಳೆಯುವವರು ಇದ್ದಾರೆ, ಅವರಿಂದ ಶುರುಮಾಡಬಹುದು.