ಡಾಂಬರ ಗುಳಿಗಿ ಕೇಳಿದ್ರ ಜ್ವರದ ಔಷಧ ಬಂತು

ಮೊನ್ನೆ ನಮ್ಮತ್ತಿಯವರಿಗೆ ಜ್ವರ, ನೆಗಡಿ ಎರಡೂ ಇದ್ವು. ನಾ ಜ್ವರದ ಗುಳಿಗಿ ಕೊಟ್ಟಿದ್ದೆ. ಅದು ಗೊತ್ತಿಲ್ಲದ ನಮ್ಮ ವೈನಿ ನೆಗಡಿ ಗುಳಿಗಿ ಕೊಟ್ರು. ಆಮ್ಯಾಲೆ ಪಾಕೀಟು ತಿರುವಿ ನೋಡಿದ್ರ ಎರಡರೊಳಗೂ ಪ್ಯಾರಾಸಿಟಮಾಲ್! ಪುಣ್ಯಾಕ್ಕ ಒಂದೇ ಹೊತ್ತು. ಆವತ್ತ ಈ ಗುಳಿಗಿ ಹಿಂದಿನ ಕಥಿ ಓದ್ಲಿಕ್ಕೆ ಕೂತೆ.

1886ರ ಮಾತು. ಸ್ಟ್ರಾಸ್‌ಬರ್ಗ್ ಆಗ ಜರ್ಮನಿಯೊಳಗಿತ್ತು. ಅಲ್ಲೆ ಕಾನ್, ಹೆಪ್ ಅನ್ನೋ ಇಬ್ಬರು ಡಾಕ್ಟರು ಹೊಟ್ಟಿ ಹುಳಕ್ಕ ನ್ಯಾಫ್ತಲೀನ್ ಕೊಟ್ಟು ನೋಡ್ತಿದ್ರು. ಹೌದ್ರಿ, ಟ್ರಂಕಿನೊಳಗ ರೇಷ್ಮಿ ಸೀರಿ ನಡುವ ಇಡ್ತೀವಲ್ಲ, ಅದೇ ಡಾಂಬರ ಗುಳಿಗಿ. (ನೀವು ಮಾತ್ರ ಸೀರಿಗಷ್ಟೇ ಇಡ್ರಿ!) ಒಮ್ಮೆ ಔಷಧದ ಅಂಗಡಿಯಿಂದ ತಪ್ಪಿ ಬ್ಯಾರೆ ಪುಡಿ ಬಂತು. ಹುಳಕ್ಕೇನೂ ಆಗ್ಲಿಲ್ಲ, ರೋಗಿ ಜ್ವರ ಇಳೀತು. ಅದು ಅಸಿಟಾನಿಲೈಡ್. ಲಗೂನ ಆಂಟಿಫೆಬ್ರಿನ್ ಅಂತ ಮಾರಾಟಕ್ಕೂ ಬಂತು. ಆದ್ರ ತಗೊಂಡವರ ತುಟಿ, ಉಗುರು ನೀಲಿ ಆಗ್ತಿದ್ವು.

1893ರಾಗ ಮೆರಿಂಗ್ ಅನ್ನೋವ್ರು ಪ್ಯಾರಾಸಿಟಮಾಲನ್ನೇ ಪರೀಕ್ಷಿಸಿದ್ರು. ಇದೂ ನೀಲಿ ಮಾಡ್ತದಂತ ತಿಳ್ಕೊಂಡು ಮೂಲಿಗಿಟ್ರು. ಐವತ್ತು ವರ್ಷ ಮ್ಯಾಲೆ ಅದು ಅಲ್ಲೇ ಕೂತಿತ್ತು, ನೋಡ್ರಿ.

1948ರಾಗ ನ್ಯೂಯಾರ್ಕಿನ ಬ್ರೋಡಿ, ಆಕ್ಸಲ್‌ರಾಡ್ ಗುಟ್ಟು ಹಿಡದ್ರು. ನುಂಗಿದ ಅಸಿಟಾನಿಲೈಡ್ ಮೈಯೊಳಗ ಹೋಗಿ ಬಹುಪಾಲು ಪ್ಯಾರಾಸಿಟಮಾಲ್ ಆಗ್ತದ, ನೋವು ಕಡಿಮಿ ಮಾಡೋದು ಅದು. ಸ್ವಲ್ಪ ಭಾಗ ಅನಿಲಿನ್ ಆಗಿ ರಕ್ತ ಕೆಡಸ್ತದ, ನೀಲಿ ಬರೋದು ಅದರಿಂದ. ಅಂದ್ರ ಅಷ್ಟು ವರ್ಷ ಮಂದಿ ಮೈಯೇ ಒಳ್ಳೇ ಔಷಧ ತಯಾರು ಮಾಡ್ಕೋತಿತ್ತು! 1950ರ ದಶಕದಾಗ ಪ್ಯಾರಾಸಿಟಮಾಲ್ ಮನಿಮನಿಗೆ ಹೊಂಟಿತು.

ಇದಕ್ಕೂ ಒಂದು ಹಿಕಮತ್ತದ. ಗುಳಿಗಿ ಸಣ್ಣ ಕರುಳಿನಿಂದ ರಕ್ತ ಸೇರ್ತದ, ಆ ರಕ್ತ ಮೊದಲ ಲಿವರಿಗೇ ಹೋಗ್ತದ. ಲಿವರ್ ಅದನ್ನ ಬದಲಿಸಿ ಮೂತ್ರದಾಗ ಹೊರಗ ಹಾಕ್ತದ. ಒಂಚೂರು ಮಾತ್ರ ವಿಷ ಆಗ್ತದ. ಅದನ್ನ ತಣ್ಣಗ ಮಾಡ್ಲಿಕ್ಕೆ ಗ್ಲುಟಾಥಯೋನ್ ಅನ್ನೋ ದಾಸ್ತಾನು ಲಿವರಿನೊಳಗಿರ್ತದ. ಗುಳಿಗಿ ವಿಪರೀತ ಆದ್ರ ದಾಸ್ತಾನು ಖಾಲಿ, ವಿಷ ಲಿವರನ್ನೇ ತಿಂತದ. ಮೊದಲ ದಿನ ಏನೂ ಗೊತ್ತಾಗದನೂ ಇರಬಹುದು, ಅದೇ ಅಂಜಿಕಿ. 1966ರಾಗ ಎಡಿನ್‌ಬರೋ ಡಾಕ್ಟರು ಇಂಥಾ ರೋಗಿಗಳ ಬಗ್ಗೆ ಬರದ್ರು. ಯಾಕ ಹಿಂಗಾಗ್ತದಂತ ತಿಳಿದದ್ದು 1970ರ ದಶಕದಾಗ.

ದೊಡ್ಡವರಿಗೆ ದಿನಕ್ಕ ಹೆಚ್ಚಂದ್ರ 4 ಗ್ರಾಂ, ಅಂದ್ರ 500ರದು 8. ಲಿವರ್ ತ್ರಾಸಿದ್ದವರಿಗೆ, ತೂಕ ಕಡಿಮಿ ಇದ್ದವರಿಗೆ ಅಷ್ಟೂ ಸಲ್ಲ, ಡಾಕ್ಟರನ್ನ ಕೇಳಬೇಕು. ಈಗ ನಮ್ಮನಿ ಔಷಧದ ಡಬ್ಬಿ ಮುಚ್ಚಳದ ಮ್ಯಾಲೆ ಒಂದು ಚೀಟಿ ಅಂಟಿಸೇವಿ. ಯಾರು, ಯಾವಾಗ, ಏನು ಕೊಟ್ರು ಅಂತ ವೈನಿನೂ ಬರೀತಾರ, ನಾನೂ ಬರೀತೀನಿ.