ಗೆದ್ದು ಬಿಟ್ಟುಕೊಟ್ಟವನು

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ವೇಣೂರು ಸಿಗುತ್ತದೆ. ಅಲ್ಲಿ ಫಲ್ಗುಣಿ ನದಿಯ ದಂಡೆಯ ಮೇಲೆ ಸುಮಾರು 35 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. 1604ರಲ್ಲಿ ಇದನ್ನು ಪ್ರತಿಷ್ಠಾಪಿಸಿದವನು ಅಜಿಲ ವಂಶದ ಅರಸು ತಿಮ್ಮರಾಜ. ಅಣ್ಣ ಭರತ ಚಕ್ರವರ್ತಿಯನ್ನು ಸೋಲಿಸಿಯೂ ರಾಜ್ಯವನ್ನು ಅವನಿಗೇ ಬಿಟ್ಟು ತಪಸ್ಸಿಗೆ ನಡೆದವನ ಮೂರ್ತಿ ಇದು.

ಇದರ ಸುತ್ತ ಒಂದು ಐತಿಹ್ಯವಿದೆ. 1432ರಲ್ಲಿಯೇ ಗೊಮ್ಮಟನನ್ನು ನಿಲ್ಲಿಸಿದ್ದ ಕಾರ್ಕಳದ ಅರಸುಮನೆಗೆ, ನೆರೆಯಲ್ಲಿ ಇನ್ನೊಂದು ಏಳುವುದು ಸಹನೆಯಾಗಲಿಲ್ಲವಂತೆ. ವಿಗ್ರಹ ಕೈತಪ್ಪದಿರಲೆಂದು ಅಜಿಲ ಅದನ್ನು ಹೊಳೆಯ ಮರಳಿನಲ್ಲಿ ಹುದುಗಿಸಿಟ್ಟನಂತೆ. ತ್ಯಾಗದ ಮೂರ್ತಿಗಾಗಿಯೇ ಹಟ! ಬಂಟ್ವಾಳ ತಾಲ್ಲೂಕಿನ ಪೊಳಲಿಯನ್ನು ಹಾದು ಕಡಲಿಗೆ ಸಾಗುವ ಆ ಹೊಳೆ ಇಂಥ ಎಷ್ಟು ಹಟಗಳನ್ನು ಕಂಡಿದೆಯೋ!

ದೂರದ ಅಮೆರಿಕದಲ್ಲೂ ಇಂಥದೇ ಒಂದು ಆದರ್ಶವಿದೆ. ಯುದ್ಧ ಗೆದ್ದ ಜಾರ್ಜ್ ವಾಷಿಂಗ್ಟನ್ 1783ರಲ್ಲಿ ಸೇನಾಧಿಕಾರವನ್ನು ಜನಪ್ರತಿನಿಧಿಗಳಿಗೆ ಒಪ್ಪಿಸಿ ಮನೆಗೆ ಮರಳಿದ. 1797ರಲ್ಲಿ ಅಧ್ಯಕ್ಷ ಪದವಿಯನ್ನೂ ತಾನಾಗಿ ಬಿಟ್ಟ. ಆ ದೇಶ ಇಂದಿಗೂ ಅದನ್ನು ತನ್ನ ಗುರುತಾಗಿ ಹೇಳಿಕೊಳ್ಳುತ್ತದೆ. ಆದರೆ ಅದೇ ವಾಷಿಂಗ್ಟನ್ ಕೊನೆಯವರೆಗೂ ನೂರಾರು ಗುಲಾಮರ ಒಡೆಯನಾಗಿದ್ದ.

ವಿನಯವನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸುವುದು ಸಾಧ್ಯ. ಕೈಯಲ್ಲಿ ಅಧಿಕಾರವಿರುವಾಗ, ಎದುರಿಗೆ ಬಲಹೀನರು ನಿಂತಿರುವಾಗ ಅದನ್ನು ಪಾಲಿಸುವುದು ಕಷ್ಟ. ವೇಣೂರಿನ ಬಾಹುಬಲಿ ನಾಲ್ಕು ಶತಮಾನಗಳಿಂದ ಬರಿಗೈಯಲ್ಲಿ ನಿಂತು ಹೇಳುತ್ತಿರುವುದು ಇದನ್ನೇ.